ಕಡಲೂರಿಗೆ ಹೋಗುವುದು ಇಬ್ಬರು, ಉಳಿಯುವುದು ಒಬ್ಬರು

(ಬೆಂಗಳೂರಿನ ಜಯನಗರದಲ್ಲಿ ನಿವೃತ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಬಹಳ ಮಂದಿ ಇವತ್ತು ಗಂಡ ಹೆಂಡತಿ ಜೊತೆಯಾಗಿ ಬಂದಿದ್ದೀರಿ. ನನಗೆ ಬೇಕಾಗಿದ್ದದ್ದೂ ಅದೇ. ಹೊರದೇಶದ ಕಡಲ ತೀರದಲ್ಲಿ ನಿವೃತ್ತ ಜೀವನ ಕಳೆಯುವ ವಿಚಾರ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಒಬ್ಬರ ತಲೆಯಲ್ಲಿ ಹುಟ್ಟುತ್ತದೆ, ಇನ್ನೊಬ್ಬರು ಹೂಂಗುಟ್ಟುತ್ತಾರೆ. ನಾನು ಬಹುಕಾಲ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದವಳು. ಹೊರಗೆ ಹಣ ಕಳುಹಿಸುವ ಅರ್ಜಿಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಮಕ್ಕಳ ಓದಿಗೆ ಕಳುಹಿಸುವವರೇ ಹೆಚ್ಚು. ಮಲೇಷ್ಯಾದ ಪೆನಾಂಗಿನಲ್ಲಿಯೋ ಥಾಯ್ಲೆಂಡಿನ ಹುವಾ ಹಿನ್‌ನಲ್ಲಿಯೋ ನೆಲೆಸುತ್ತೇವೆ ಎಂದು ಬರುವವರು ಮೊದಮೊದಲು ಅಪರೂಪ, ಆಮೇಲೆ ಅವರೂ ಬರತೊಡಗಿದರು. ಅವರ ಕೈಯಲ್ಲಿ ಖರ್ಚಿನ ಪಟ್ಟಿ ಇರುತ್ತಿತ್ತು. ಬಾಡಿಗೆ ಇಷ್ಟು, ಊಟ ಇಷ್ಟು, ವಿದ್ಯುತ್ತು ಇಷ್ಟು, ವರ್ಷಕ್ಕೊಮ್ಮೆ ಊರಿಗೆ ಬಂದುಹೋಗಲು ಇಷ್ಟು. ಎಲ್ಲವೂ ಎರಡು ಜನರ ಲೆಕ್ಕ. ಒಬ್ಬರೇ ಉಳಿದ ಮೇಲೆ ಏನು ಎಂಬ ಲೆಕ್ಕ ಯಾರ ಪಟ್ಟಿಯಲ್ಲಿಯೂ ಇರಲಿಲ್ಲ. ಇವತ್ತು ಆ ಲೆಕ್ಕವನ್ನೇ ನಿಮ್ಮ ಜೊತೆ ಕುಳಿತು ಹಾಕಬೇಕೆಂದು ಬಂದಿದ್ದೇನೆ.

ಈ ಆಸೆಯನ್ನು ನಾನು ಹಗುರವಾಗಿ ಕಾಣುವವಳಲ್ಲ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಸ್ತೆಯಲ್ಲಿ ಯಾವ ಕಡಲಿಗೆ ಹೋಗಬೇಕೆಂದರೂ 300 ಕಿಲೋಮೀಟರಿಗಿಂತ ಹೆಚ್ಚು. ಹೊಸೂರು ರಸ್ತೆಯಲ್ಲಿ, ಹೊರವರ್ತುಲ ರಸ್ತೆಯಲ್ಲಿ ದಿನಕ್ಕೆ ಮೂರು ಗಂಟೆ ಕಳೆದು ದುಡಿದವರಿಗೆ, 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗಾಗಿ ಕಾದವರಿಗೆ, ಬೆಳಗ್ಗೆ ಎದ್ದು ನಡೆದು ಹೋಗಿ ಕಡಲು ನೋಡುವ ಬದುಕು ಬೇಕೆನಿಸುವುದರಲ್ಲಿ ತಪ್ಪೇನಿದೆ? ಅರವತ್ತರ ನಂತರ ಹೊಸ ಊರು, ಹೊಸ ಭಾಷೆ ಕಲಿಯುವ ಉತ್ಸಾಹ ಇರುವವರನ್ನು ಕಂಡರೆ ನನಗೆ ನಿಜವಾಗಿ ಗೌರವವಿದೆ.

ಅಷ್ಟಕ್ಕೆ ಮಂಗಳೂರು, ಉಡುಪಿ, ಕಾರವಾರ ಸಾಲದೇ ಎಂದು ಕೇಳುವವರು ಇದ್ದಾರೆ. ನನ್ನ ಉತ್ತರ ಎರಡು ಭಾಗದ್ದು. ಕಡಲೊಂದೇ ಬೇಕಾದರೆ ಖಂಡಿತ ಸಾಕು. ಕುಂದಾಪುರದಾಚೆ ಮರವಂತೆಯಲ್ಲಿ ಒಂದು ಕಡೆ ನದಿ, ಒಂದು ಕಡೆ ಕಡಲು ನೋಡಿದ ಮೇಲೆ ಹೊರದೇಶದ ಹೆಸರು ಹೇಳಲು ನನಗೇ ಮನಸ್ಸಾಗುವುದಿಲ್ಲ. ಬೇರೆ ದೇಶದಲ್ಲಿ ಬದುಕಿ ನೋಡುವುದೇ ನಿಮ್ಮ ಆಸೆಯಾದರೆ ಕರಾವಳಿ ಅದಕ್ಕೆ ಬದಲಿಯಾಗುವುದಿಲ್ಲ. ಆಗಲೂ ಮಂಗಳೂರಿನಿಂದ ಒಂದು ಉಪಕಾರವಿದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಅಲ್ಲಿ ಒಂದು ಬಾಡಿಗೆ ಮನೆಯಲ್ಲಿ ಮೂರು ವಾರ ಇದ್ದು ಬನ್ನಿ. ಹೋಟೆಲಿನಲ್ಲಿ ಬೇಡ, ಅಡುಗೆ ಮಾಡಿಕೊಂಡು, ಬಟ್ಟೆ ಒಗೆದು ಒಣಗಿಸಿಕೊಂಡು, ತರಕಾರಿ ತಂದುಕೊಂಡು ಇರಿ. ಪೆನಾಂಗ್ ಭೂಮಧ್ಯರೇಖೆಯಿಂದ ಬರೀ ಐದು ಡಿಗ್ರಿ ಮೇಲಿದೆ. ಅಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಅದೇ ಸೆಕೆ, ಅದೇ ತೇವ. ಬೆಂಗಳೂರಿನ ಡಿಸೆಂಬರಿನಲ್ಲಿ ಸ್ವೆಟರ್ ಹಾಕಿ ಲಾಲ್‌ಬಾಗ್ ಸುತ್ತುವ ದೇಹಕ್ಕೆ ಅದು ಒಗ್ಗುತ್ತದೆಯೇ ಎಂಬುದು ಮಂಗಳೂರಿನಲ್ಲಿಯೇ ತಿಳಿದುಬಿಡುತ್ತದೆ.

ಇನ್ನು ಅಗ್ಗದ ವಿಷಯ. ಕಡಿಮೆ ಖರ್ಚಿನ ಕಡಲೂರುಗಳ ಪಟ್ಟಿಗಳನ್ನು ನೀವೆಲ್ಲ ಓದಿದ್ದೀರಿ. ಪೆನಾಂಗ್, ಹುವಾ ಹಿನ್, ವಿಯೆಟ್ನಾಮಿನ ಡಾ ನಾಂಗ್ ಅವುಗಳಲ್ಲಿ ತಪ್ಪದೆ ಬರುತ್ತವೆ. ಆ ಪಟ್ಟಿಗಳು ಬಹುತೇಕ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ನಿವೃತ್ತರಿಗಾಗಿ ಬರೆದವು. ಡಾಲರಿನಲ್ಲಿ ಪಿಂಚಣಿ ಬರುವವರಿಗೆ ಈ ಊರುಗಳು ಅಗ್ಗ, ಅದರಲ್ಲಿ ಸುಳ್ಳಿಲ್ಲ. ರೂಪಾಯಿಯಲ್ಲಿ ಪಿಂಚಣಿ ಬರುವ ನಮಗೆ? ಪೆನಾಂಗಿನ ತಂಜುಂಗ್ ಬುಂಗಾ ಕಡೆ ಎರಡು ಕೋಣೆಯ ಒಳ್ಳೆಯ ಫ್ಲ್ಯಾಟಿನ ಬಾಡಿಗೆ ಜಯನಗರದ ಬಾಡಿಗೆಗಿಂತ ಅಂಥ ಕಡಿಮೆಯೇನೂ ಇಲ್ಲ. ಹಾಲು, ಮೊಸರು, ಬೇಳೆ ಅಲ್ಲಿ ದುಬಾರಿ. ರಸ್ತೆ, ಬಸ್ಸು, ನಡೆಯುವ ದಾರಿ ನಮ್ಮದಕ್ಕಿಂತ ಎಷ್ಟೋ ವಾಸಿ. ಆ ಸುಖಕ್ಕೆ ಬೆಲೆ ಕಟ್ಟುವುದು ನಿಮಗೆ ಬಿಟ್ಟದ್ದು. ಆದರೆ ಪಟ್ಟಿ ಬರೆಯುವವರ ಕಣ್ಣಿಗೆ ಬೀಳದ ಒಂದು ಖರ್ಚಿದೆ. ನಮ್ಮ ಮನೆಗಳಿಗೆ ಬೆಳಗ್ಗೆ ಕೆಲಸದವರು ಬರುತ್ತಾರೆ, ಕೆಲವರ ಮನೆಗೆ ಅಡುಗೆಯವರು ಬರುತ್ತಾರೆ. ಮಂಡಿ ಶಸ್ತ್ರಚಿಕಿತ್ಸೆಯಾದರೆ ಎರಡು ತಿಂಗಳು ನೋಡಿಕೊಳ್ಳುವವರು ಸಿಗುತ್ತಾರೆ. ಈ ನೆರವು ಈ ಬೆಲೆಗೆ ಅಲ್ಲಿ ಸಿಗುವುದಿಲ್ಲ. ನಲವತ್ತು ವರ್ಷ ಅಡುಗೆಮನೆಯಲ್ಲಿ ದುಡಿದ ಹೆಣ್ಣುಮಗಳಿಗೆ ನಿವೃತ್ತಿ ಎಂದರೆ ಪಾತ್ರೆ ತೊಳೆಯುವ ಕೆಲಸವೂ ಮರಳಿ ಬರುವುದೇ? ಮನೆಯ ಯಜಮಾನರು ಈ ಪ್ರಶ್ನೆಗೆ ಈಗಲೇ ಉತ್ತರ ಕೊಡಲಿ.

ರೂಪಾಯಿಯ ಇನ್ನೊಂದು ಸಂಗತಿ ಹೇಳುತ್ತೇನೆ. 2004ರಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು. ಆಗ ಮಲೇಷ್ಯಾ ತನ್ನ ರಿಂಗಿಟ್ಟನ್ನು ಡಾಲರಿಗೆ 3.80ರಂತೆ ಕಟ್ಟಿ ನಿಲ್ಲಿಸಿತ್ತು. ಅಂದರೆ ಒಂದು ರಿಂಗಿಟ್‌ಗೆ ಸುಮಾರು 12 ರೂಪಾಯಿ. ಈಗ ಅದು 20 ರೂಪಾಯಿ ದಾಟಿದೆ. ನಮ್ಮ ಪಿಂಚಣಿಯ ತುಟ್ಟಿಭತ್ಯೆ ಏರುವುದು ಭಾರತದ ಬೆಲೆಗಳನ್ನು ನೋಡಿ. ರಿಂಗಿಟ್ ಏರಿತೆಂದು ಅದು ಏರುವುದಿಲ್ಲ. ಅರವತ್ತಕ್ಕೆ ಹೊರಟವರು ಎಂಬತ್ತೈದರವರೆಗೆ ಬದುಕಿದರೆ ಇಪ್ಪತ್ತೈದು ವರ್ಷ. ಅಷ್ಟು ದೀರ್ಘ ಕಾಲಕ್ಕೆ ಇವತ್ತಿನ ವಿನಿಮಯ ದರವನ್ನು ನಂಬಿ ಮನೆ ಮಾರುವುದನ್ನು ನಾನು ಯಾರಿಗೂ ಹೇಳಲಾರೆ.

ಈಗ ಬಾಗಿಲಿನ ಲೆಕ್ಕಕ್ಕೆ ಬರೋಣ, ಅಂದರೆ ವೀಸಾ. ಮಲೇಷ್ಯಾದ ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಯೋಜನೆ 2002ರಿಂದ ಇದೆ. ಬಹುಕಾಲ ಅದು ಮಧ್ಯಮ ವರ್ಗಕ್ಕೂ ಎಟುಕುವಂತಿತ್ತು. ಐವತ್ತು ದಾಟಿದವರು ಒಂದೂವರೆ ಲಕ್ಷ ರಿಂಗಿಟ್ ಠೇವಣಿ ಇಟ್ಟು, ತಿಂಗಳಿಗೆ ಹತ್ತು ಸಾವಿರ ರಿಂಗಿಟ್ ಆದಾಯ ತೋರಿಸಿದರೆ ಹತ್ತು ವರ್ಷದ ವೀಸಾ. 2020ರಲ್ಲಿ ಯೋಜನೆಯನ್ನು ನಿಲ್ಲಿಸಿದರು. 2021ರಲ್ಲಿ ಮತ್ತೆ ತೆರೆದಾಗ ಠೇವಣಿ ಹತ್ತು ಲಕ್ಷ ರಿಂಗಿಟ್, ಮಾಸಿಕ ಆದಾಯ ನಲವತ್ತು ಸಾವಿರ ರಿಂಗಿಟ್ ಆಗಿತ್ತು. ಅಲ್ಲಿ ಆಗಲೇ ನೆಲೆಸಿದ್ದ ವಯಸ್ಸಾದವರು ಗಾಬರಿಯಾದರು. ಪ್ರತಿಭಟನೆಯ ನಂತರ ಹಳಬರಿಗೆ ಸಡಿಲಿಕೆ ಸಿಕ್ಕಿತು. 2024ರಲ್ಲಿ ನಿಯಮಗಳು ಇನ್ನೊಮ್ಮೆ ಬದಲಾಗಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳು ಬಂದವು. ವಿಶೇಷ ಆರ್ಥಿಕ ವಲಯದ ಪ್ರತ್ಯೇಕ ದರ್ಜೆಯನ್ನು ಬಿಟ್ಟರೆ ಎಲ್ಲಕ್ಕಿಂತ ಕೆಳಗಿನದು ಬೆಳ್ಳಿ. ಅದಕ್ಕೆ ಒಂದೂವರೆ ಲಕ್ಷ ಡಾಲರ್ ಠೇವಣಿ ಇಡಬೇಕು, ಕನಿಷ್ಠ ಆರು ಲಕ್ಷ ರಿಂಗಿಟ್ಟಿನ ಮನೆ ಕೊಳ್ಳಬೇಕು, ಆ ಮನೆಯನ್ನು ಹತ್ತು ವರ್ಷ ಮಾರುವಂತಿಲ್ಲ. ವೀಸಾದ ಅವಧಿ ಐದು ವರ್ಷ, ಆಮೇಲೆ ನವೀಕರಣ. ಕೆಲವು ರಾಜ್ಯಗಳು ವಿದೇಶಿಯರು ಕೊಳ್ಳುವ ಮನೆಗೆ ಇನ್ನೂ ಹೆಚ್ಚಿನ ಕನಿಷ್ಠ ಬೆಲೆ ನಿಗದಿ ಮಾಡುವುದೂ ಉಂಟು.

ಪೆನ್ನು ಕಾಗದ ಇರುವವರು ಬರೆದುಕೊಳ್ಳಿ. ಡಾಲರಿಗೆ 90 ರೂಪಾಯಿ, ರಿಂಗಿಟ್‌ಗೆ 21 ರೂಪಾಯಿ ಎಂದು ಇಟ್ಟುಕೊಳ್ಳೋಣ. ಠೇವಣಿ 1.35 ಕೋಟಿ, ಮನೆ 1.26 ಕೋಟಿ, ಒಟ್ಟು 2.61 ಕೋಟಿ. ಆಮೇಲೆ ಠೇವಣಿಯ ಒಂದು ಭಾಗವನ್ನು ಮನೆ, ಚಿಕಿತ್ಸೆ ಮುಂತಾದವಕ್ಕೆ ತೆಗೆಯಲು ಅವಕಾಶವಿದೆ, ಆದರೂ ಒಳಗೆ ಕಾಲಿಡಲು ಬೇಕಾಗುವ ಬಲ ಇದು. ಈ ಹಣ ಭಾರತದಿಂದ ಹೊರಗೆ ಹೋಗುವುದು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ, ಬ್ಯಾಂಕಿನವರು ಎಲ್‌ಆರ್‌ಎಸ್ ಎನ್ನುತ್ತಾರೆ. ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಮಿತಿ. ನಮ್ಮ ಲೆಕ್ಕ ಎರಡು ಲಕ್ಷದ ತೊಂಬತ್ತು ಸಾವಿರ ಡಾಲರ್ ಆಗುತ್ತದೆ. ಹಾಗಾಗಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಹೋಗಬೇಕು, ಅಥವಾ ಎರಡು ವರ್ಷಕ್ಕೆ ಹಂಚಬೇಕು. ಇದರ ಮೇಲೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿಯಾಗುವ ತೆರಿಗೆ ಇದೆ. 2025ರ ಏಪ್ರಿಲಿನಿಂದ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಿದ ಇಂಥ ರವಾನೆಗೆ ಬ್ಯಾಂಕು ಶೇಕಡಾ 20ರಷ್ಟನ್ನು ಮೊದಲೇ ವಸೂಲಿ ಮಾಡುತ್ತದೆ. ಇಬ್ಬರೂ ಅರ್ಧರ್ಧ ಕಳುಹಿಸಿದರೂ ಒಟ್ಟು ಸುಮಾರು 48 ಲಕ್ಷ ರೂಪಾಯಿ ತೆರಿಗೆ ಇಲಾಖೆಗೆ ಹೋಗಿ ಕೂರುತ್ತದೆ. ಅದು ಕಳೆದುಹೋದ ಹಣವಲ್ಲ, ರಿಟರ್ನ್ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆ, ಮಿಕ್ಕಿದ್ದು ಮರುಪಾವತಿಯಾಗುತ್ತದೆ. ಆದರೆ ಅಲ್ಲಿಯವರೆಗೆ ಆ 48 ಲಕ್ಷವನ್ನೂ ನೀವೇ ಹೊಂದಿಸಿಕೊಳ್ಳಬೇಕು. ಅಗ್ಗದ ಊರಿಗೆ ಹೊರಟವರು ಮೂರು ಕೋಟಿಗೂ ಹೆಚ್ಚು ಹಣ ಕೈಯಲ್ಲಿಟ್ಟುಕೊಂಡು ಹೊರಡಬೇಕು ಎಂದಾಯಿತು. ಬೆಂಗಳೂರಿನಲ್ಲಿ ಅಷ್ಟು ಹಣ ಎಲ್ಲಿಂದ ಬರುತ್ತದೆ? ಮನೆ ಮಾರಿದರೆ ಮಾತ್ರ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಥಾಯ್ಲೆಂಡಿನ ಬಾಗಿಲು ಇದಕ್ಕಿಂತ ತಗ್ಗಿನದು. ಐವತ್ತು ದಾಟಿದವರು ಎಂಟು ಲಕ್ಷ ಬಾತ್ ಅಲ್ಲಿನ ಬ್ಯಾಂಕಿನಲ್ಲಿಟ್ಟರೆ, ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಿದರೆ, ಒಂದು ವರ್ಷದ ಅನುಮತಿ. ಎಂಟು ಲಕ್ಷ ಬಾತ್ ಎಂದರೆ ಇಪ್ಪತ್ತು ಲಕ್ಷ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಅದನ್ನು ಪ್ರತಿವರ್ಷ ನವೀಕರಿಸಬೇಕು, 90 ದಿನಕ್ಕೊಮ್ಮೆ ವಲಸೆ ಇಲಾಖೆಗೆ ವಿಳಾಸ ವರದಿ ಮಾಡಬೇಕು. ಇಲ್ಲಿಂದಲೇ ಪಡೆದು ಹೋಗುವ ‘ಓ-ಎ’ ಎಂಬ ದೀರ್ಘಾವಧಿ ವೀಸಾಕ್ಕೆ ಮೂವತ್ತು ಲಕ್ಷ ಬಾತ್ ರಕ್ಷಣೆಯ ಆರೋಗ್ಯ ವಿಮೆಯೂ ಬೇಕು. ವಿದೇಶಿಯರು ಅಲ್ಲಿ ಜಮೀನು ಕೊಳ್ಳುವಂತಿಲ್ಲ. ಫ್ಲ್ಯಾಟ್ ಕೊಳ್ಳಬಹುದು, ಒಂದು ಕಟ್ಟಡದ ಶೇಕಡಾ 49ರ ಮಿತಿಯೊಳಗೆ.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ, ಯಾಕೆಂದರೆ ನಾನು ಹೇಳಬೇಕಾದದ್ದು ಇಲ್ಲೇ ಇದೆ. ಗಂಡ ನಿವೃತ್ತರ ವೀಸಾ ಪಡೆಯುತ್ತಾರೆ. ಹೆಂಡತಿ ಅವರ ಅವಲಂಬಿತಳಾಗಿ ಹೋಗುತ್ತಾರೆ. ಎಂಟು ಲಕ್ಷ ಬಾತ್ ಗಂಡನ ಹೆಸರಿನ ಖಾತೆಯಲ್ಲಿದೆ. ಗಂಡ ತೀರಿಕೊಂಡರು. ಆ ದಿನದಿಂದ ಹೆಂಡತಿಯ ವೀಸಾಕ್ಕೆ ಆಧಾರವೇ ಇಲ್ಲ. ಅಲ್ಲೇ ಉಳಿಯಬೇಕಾದರೆ ಆಕೆ ತನ್ನ ಹೆಸರಿನಲ್ಲಿ ಬೇರೆ ಎಂಟು ಲಕ್ಷ ಬಾತ್ ತೋರಿಸಿ ಹೊಸದಾಗಿ ಅರ್ಹತೆ ಪಡೆಯಬೇಕು. ಗಂಡನ ಖಾತೆಯಲ್ಲಿರುವ ಹಣ ಅಲ್ಲಿನ ನ್ಯಾಯಾಲಯದ ಆದೇಶ ಬರುವವರೆಗೆ ಕೈಗೆ ಸಿಗುವುದಿಲ್ಲ. ನಮ್ಮಲ್ಲಿ ನಾಮಿನಿ ಹೆಸರು ಬರೆಸಿದ್ದರೆ ಬ್ಯಾಂಕು ಕೆಲವು ವಾರಗಳಲ್ಲಿ ಹಣ ಕೊಡುತ್ತದೆ. ಅದೇ ನೆಮ್ಮದಿ ಎಲ್ಲ ದೇಶದಲ್ಲೂ ಇದೆ ಎಂದುಕೊಳ್ಳಬೇಡಿ. ಇತ್ತ ಪಿಂಚಣಿಯೂ ಇಳಿಯುತ್ತದೆ. ಕೊನೆಯ ವೇತನದ ಶೇಕಡಾ 50ರಷ್ಟು ಬರುತ್ತಿದ್ದ ಕಡೆ ಕುಟುಂಬ ಪಿಂಚಣಿ ಶೇಕಡಾ 30. ನೂರು ರೂಪಾಯಿ ಬರುತ್ತಿದ್ದಲ್ಲಿ ಅರವತ್ತು. ಬಾಡಿಗೆ ಮಾತ್ರ ಇಬ್ಬರಿದ್ದಾಗ ಎಷ್ಟೋ ಒಬ್ಬರಿದ್ದಾಗಲೂ ಅಷ್ಟೇ. ದುಃಖದ ಮೊದಲ ತಿಂಗಳಲ್ಲಿ, ಭಾಷೆ ಬಾರದ ಊರಿನಲ್ಲಿ, ವೀಸಾ ಕಚೇರಿಯ ಮುಂದೆ ನಿಲ್ಲುವ ಅರವತ್ತೆಂಟು ವರ್ಷದ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಗಂಡ ಬದುಕುಳಿದು ಹೆಂಡತಿ ಹೋದರೂ ಕಷ್ಟ ಕಡಿಮೆಯಲ್ಲ. ಒಂದು ಲೋಟ ಕಾಫಿ ಮಾಡಿಕೊಳ್ಳಲು ಬಾರದ ಗಂಡಸರು ನಮ್ಮ ತಲೆಮಾರಿನಲ್ಲಿ ಬಹಳ ಇದ್ದಾರೆ. ಅವರು ಪರದೇಶದಲ್ಲಿ ಏನು ತಿಂದು ಬದುಕುತ್ತಾರೆ?

ಡಾ ನಾಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೀ ಖೆ ಕಡಲ ತೀರ ಬಲು ಸುಂದರ, ಊರು ಅಚ್ಚುಕಟ್ಟು, ಖರ್ಚು ಮೂರರಲ್ಲಿ ಬಹುಶಃ ಎಲ್ಲಕ್ಕಿಂತ ಕಡಿಮೆ. ಆದರೆ ವಿಯೆಟ್ನಾಮಿನಲ್ಲಿ ನಿವೃತ್ತರ ವೀಸಾ ಎಂಬುದೇ ಇಲ್ಲ. 2023ರ ಆಗಸ್ಟಿನಿಂದ ಸಿಗುವ 90 ದಿನದ ಇ-ವೀಸಾ ಇದೆ, ಅಷ್ಟೇ. ಅದನ್ನೇ ಮತ್ತೆ ಮತ್ತೆ ಪಡೆದು ವರ್ಷಗಟ್ಟಲೆ ಇರುವವರಿದ್ದಾರೆ. ಅರವತ್ತು ದಾಟಿದವರು ಹಾಗೆ ಬದುಕುವುದು ನನಗೆ ಸರಿ ಕಾಣುವುದಿಲ್ಲ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅಲ್ಲಿ ಭಾರಿ ಮಳೆ, ಚಂಡಮಾರುತ. ಪಕ್ಕದ ಹೋಯ್ ಆನ್ ಪಟ್ಟಣದ ಬೀದಿಗಳಿಗೆ ನೀರು ನುಗ್ಗುವುದು ಅಲ್ಲಿಯವರಿಗೆ ಹೊಸದೇನಲ್ಲ. ಕಡಲು ಎಂದ ಮೇಲೆ ಇದನ್ನೂ ಹೇಳಬೇಕು: ಪೆನಾಂಗಿಗೆ ಚಂಡಮಾರುತದ ಕಾಟವಿಲ್ಲ, ಆದರೆ 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಸುಮಾತ್ರಾದ ಕಾಡು, ತೋಟಗಳಿಗೆ ಬೆಂಕಿ ಬಿದ್ದ ವರ್ಷಗಳಲ್ಲಿ ದಟ್ಟ ಹೊಗೆ ಮಲಕ್ಕಾ ಜಲಸಂಧಿ ದಾಟಿ ಬರುತ್ತದೆ. 2015ರಲ್ಲಿ, 2019ರಲ್ಲಿ ಹಾಗಾಯಿತು. ಉಬ್ಬಸವಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ಆಸ್ಪತ್ರೆಯ ವಿಷಯದಲ್ಲಿ ಪೆನಾಂಗಿಗೆ ಪೂರ್ಣ ಅಂಕ ಕೊಡುತ್ತೇನೆ. ಇಂಡೊನೇಷ್ಯಾದ ಮೆದಾನ್ ಕಡೆಯಿಂದ ರೋಗಿಗಳು ಸಾಲುಗಟ್ಟಿ ಅಲ್ಲಿಗೆ ಚಿಕಿತ್ಸೆಗೆ ಬರುತ್ತಾರೆ. ಇಂಗ್ಲಿಷ್ ನಡೆಯುತ್ತದೆ, ತಮಿಳು ಬಲ್ಲ ದಾದಿಯರೂ ಸಿಗುತ್ತಾರೆ. ಕೊರತೆ ಇರುವುದು ನಮ್ಮ ಕಡೆ. ನಿಮ್ಮ ಕೈಯಲ್ಲಿರುವ ಆರೋಗ್ಯ ವಿಮೆ ಬಹುತೇಕ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಎಪ್ಪತ್ತು ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಭಾರತ್ ಕಾರ್ಡಿನ ಐದು ಲಕ್ಷವೂ ಅಲ್ಲಿ ನಡೆಯುವುದಿಲ್ಲ. ಅರವತ್ತೈದರ ಮೇಲೆ ಅಲ್ಲಿ ಹೊಸ ವಿಮೆ ಕೇಳಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವನ್ನೂ ಹೊರಗಿಟ್ಟು ಕೊಡುತ್ತಾರೆ, ಕಂತು ವರ್ಷವರ್ಷಕ್ಕೂ ಏರುತ್ತದೆ. ಇಲ್ಲಿನ ವಿಮೆಯ ಕಂತನ್ನು ನಿಲ್ಲಿಸಿಬಿಟ್ಟರೆ, ಮುಂದೊಂದು ದಿನ ಮರಳಿ ಬಂದಾಗ ಆ ವಯಸ್ಸಿನಲ್ಲಿ ಇಲ್ಲಿಯೂ ಹೊಸದಾಗಿ ಸೇರಿಕೊಳ್ಳುವುದು ಸುಲಭವಲ್ಲ. ಆದ್ದರಿಂದ ಹೊರಗೆ ಎಷ್ಟೇ ವರ್ಷ ಇರಿ, ಇಲ್ಲಿನ ಪಾಲಿಸಿಯನ್ನು ಜೀವಂತವಾಗಿಡಿ. ಅದರ ಖರ್ಚೂ ನಿಮ್ಮ ಪಟ್ಟಿಯಲ್ಲಿ ಇರಲಿ.

ಊಟದ ವಿಚಾರ ಬಂದಾಗ ನಮ್ಮವರ ಮುಖ ಸ್ವಲ್ಪ ಬಾಡುತ್ತದೆ. ಪೆನಾಂಗಿನ ಜಾರ್ಜ್ ಟೌನ್ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು. ಅದರ ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ, ಇಡ್ಲಿ, ದೋಸೆ ಎಲ್ಲ ಉಂಟು. 1833ರಷ್ಟು ಹಳೆಯ ಮಹಾಮಾರಿಯಮ್ಮನ ಗುಡಿ ಅಲ್ಲೇ ಇದೆ. ತೈಪೂಸದ ದಿನ ಇಡೀ ಊರೇ ಬೆಟ್ಟದ ಮುರುಗನ ಕಡೆ ನಡೆಯುತ್ತದೆ. ಒಂಟಿತನ ಕಾಡುವವರಿಗೆ ಇದು ದೊಡ್ಡ ಆಸರೆ. ಆದರೆ ಆ ಓಣಿ ದಾಟಿದರೆ ಸೊಪ್ಪಿನ ಪಲ್ಯದಲ್ಲೂ ಬೆಲಚಾನ್ ಎಂಬ ಸೀಗಡಿ ಮುದ್ದೆ ಇರುತ್ತದೆ. ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ಮೀನಿನ ಸಾರ ಹಾಕದ ಅಡುಗೆ ಕಡಿಮೆ. ಕಟ್ಟಾ ಸಸ್ಯಾಹಾರಿಗಳು ಎರಡು ಪದ ಕಲಿತು ಹೋಗಿ: ಥಾಯ್ಲೆಂಡಿನಲ್ಲಿ ‘ಜೇ’, ವಿಯೆಟ್ನಾಮಿನಲ್ಲಿ ‘ಚಾಯ್’. ವಿಯೆಟ್ನಾಮಿನ ಬೌದ್ಧರಲ್ಲಿ ಬಹಳ ಮಂದಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲ. ನಮ್ಮ ಅಮಾವಾಸ್ಯೆ, ಹುಣ್ಣಿಮೆ ಎಂದುಕೊಳ್ಳಿ. ಆ ದಿನಗಳಲ್ಲಿ ಬೀದಿಬೀದಿಯಲ್ಲೂ ‘ಚಾಯ್’ ಫಲಕ ತೂಗುತ್ತದೆ. ಇಂಥದ್ದನ್ನು ಕಂಡು ಖುಷಿಪಡುವ ಸ್ವಭಾವ ನಿಮ್ಮದಾದರೆ ಅಲ್ಲಿ ಬಾಳುವುದು ಕಷ್ಟವಾಗಲಾರದು.

ಇನ್ನು ನಿಮ್ಮಲ್ಲಿ ಹೆಚ್ಚಿನವರು ಯೋಚಿಸಿರದ ಒಂದು ಬದಲಾವಣೆ. ನೀವು ವರ್ಷದ ಬಹುಭಾಗ ಹೊರಗಿದ್ದರೆ ಭಾರತದ ತೆರಿಗೆ ಕಾನೂನಿನ ಕಣ್ಣಿನಲ್ಲಿ ಅನಿವಾಸಿಗಳಾಗುತ್ತೀರಿ. ಪಾಸ್‌ಪೋರ್ಟ್ ಭಾರತದ್ದೇ, ಮತದಾನದ ಹಕ್ಕೂ ಇರುತ್ತದೆ, ಆದರೆ ಹಣದ ನಿಯಮಗಳು ಬದಲಾಗುತ್ತವೆ. ಹೊರಗೆ ನೆಲೆಸಲು ಹೋದವರ ಉಳಿತಾಯ ಖಾತೆ ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವಂತಿಲ್ಲ. ಠೇವಣಿಯ ಬಡ್ಡಿಗೆ ತೆರಿಗೆ ಕಡಿಯಬೇಡಿ ಎಂದು ಅರ್ಜಿ ಕೊಡುವ ಸೌಲಭ್ಯ ಹೋಗುತ್ತದೆ; ಬಡ್ಡಿಯ ಮೇಲೆ ಶೇಕಡಾ 30, ಅದರ ಮೇಲೆ ಸೆಸ್, ನೇರ ಕಡಿತ. ನಿಮ್ಮ ಬೆಂಗಳೂರಿನ ಮನೆಯ ಬಾಡಿಗೆದಾರರು ಬಾಡಿಗೆಯಿಂದಲೂ ಹಾಗೆಯೇ ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಈ ತಲೆನೋವು ಬೇಡವೆಂದು ಅನಿವಾಸಿಗಳ ಮನೆಯನ್ನೇ ಬೇಡ ಎನ್ನುವ ಬಾಡಿಗೆದಾರರಿದ್ದಾರೆ. ಈಗ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದು ನಾವೆಲ್ಲ ಸಂತೋಷಪಟ್ಟಿದ್ದೇವಲ್ಲ, ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ತೆರಿಗೆಗೊಳಪಡುವ 12 ಲಕ್ಷ ಆದಾಯವಿದ್ದು ಇಲ್ಲೇ ಇದ್ದವರಿಗೆ ಸೊನ್ನೆ, ಅನಿವಾಸಿಯಾದವರಿಗೆ 62,400 ರೂಪಾಯಿ.

ಇದರ ಜೊತೆಗೆ ಚಿಕ್ಕದೆನಿಸಿ ದೊಡ್ಡ ಕಾಟ ಕೊಡುವ ಎರಡು ಸಂಗತಿಗಳು. ಒಂದು, ಒಟಿಪಿ. ಬ್ಯಾಂಕು, ಆಧಾರ್, ತೆರಿಗೆ ಎಲ್ಲಕ್ಕೂ ನಿಮ್ಮ ಇಲ್ಲಿನ ಮೊಬೈಲ್ ಸಂಖ್ಯೆಯೇ ಕೀಲಿಕೈ. ರೀಚಾರ್ಜ್ ಮರೆತು ಸಂಖ್ಯೆ ಕೈತಪ್ಪಿದರೆ ನಿಮ್ಮ ಹಣಕ್ಕೆ ನೀವೇ ಪರಕೀಯರು. ಎರಡು, ನವೆಂಬರಿನ ಜೀವಿತ ಪ್ರಮಾಣಪತ್ರ. ಮುಖ ಗುರುತಿಸುವ ತಂತ್ರಾಂಶದಿಂದಲೋ ರಾಯಭಾರ ಕಚೇರಿಯಿಂದಲೋ ಮಾಡಿಸಬಹುದು, ಆದರೆ ಮರೆತರೆ ಪಿಂಚಣಿ ನಿಲ್ಲುತ್ತದೆ. ಈ ಎರಡನ್ನೂ ಗಂಡ ಹೆಂಡತಿ ಇಬ್ಬರೂ ಸ್ವತಃ ಮಾಡಲು ಕಲಿತಿರಬೇಕು. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ.

ಮನೆ ಮಾರುವ ಮಾತಿಗೆ ಬರುತ್ತೇನೆ ಎಂದಿದ್ದೆ. ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಮಾರಬೇಡಿ. ಬೆಂಗಳೂರಿನಲ್ಲಿ ಒಮ್ಮೆ ಮನೆ ಕೈಬಿಟ್ಟ ನಿವೃತ್ತರು ಅದೇ ಬಡಾವಣೆಯಲ್ಲಿ ಮತ್ತೆ ಮನೆ ಕೊಂಡದ್ದನ್ನು ನಾನು ಕಂಡಿಲ್ಲ. ಒಬ್ಬರೇ ಉಳಿದಾಗ ಮರಳಿ ಬರಲು ಇರುವ ಜಾಗ ಅದೊಂದೇ. ಅನಿವಾಸಿಯಾದ ಮೇಲೆ ಮಾರಿದರೆ ಇನ್ನೂ ತೊಡಕು. ನಿವಾಸಿಗಳು ಮಾರಿದಾಗ, ಬೆಲೆ 50 ಲಕ್ಷವೋ ಅದಕ್ಕಿಂತ ಹೆಚ್ಚೋ ಆದರೆ, ಕೊಳ್ಳುವವರು ಕಡಿಯುವ ತೆರಿಗೆ ಶೇಕಡಾ 1. ಅನಿವಾಸಿಗಳಿಗೆ ದೀರ್ಘಾವಧಿ ಲಾಭದ ತೆರಿಗೆಯ ದರದಲ್ಲೇ ಕಡಿಯಬೇಕು, ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತರದಿದ್ದರೆ ಪೂರ್ತಿ ಮಾರಾಟದ ಬೆಲೆಯ ಮೇಲೆಯೇ ಕಡಿಯುತ್ತಾರೆ. ಮನೆ ಉಳಿಸಿಕೊಂಡು ಹೋಗುವವರು ಇ-ಖಾತಾ ಮಾಡಿಸಿ, ಆಸ್ತಿ ತೆರಿಗೆ ಕಟ್ಟಲು ಒಬ್ಬರನ್ನು ಗೊತ್ತುಮಾಡಿ. ಖಾಲಿ ನಿವೇಶನವಿದ್ದರೆ ಬೇಲಿ ಹಾಕಿಸಿ, ಆಗಾಗ ಯಾರಾದರೂ ಹೋಗಿ ನೋಡಿಕೊಂಡು ಬರುವಂತಿರಲಿ. ಮುಖ್ತಿಯಾರ ಪತ್ರವನ್ನು, ಅಂದರೆ ಪವರ್ ಆಫ್ ಅಟಾರ್ನಿಯನ್ನು, ಇಲ್ಲಿರುವಾಗಲೇ ನೋಂದಾಯಿಸಿ. ಹೊರದೇಶದಲ್ಲಿ ಮಾಡಿಸಿದ ಪತ್ರವನ್ನು ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ತರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸುವ ಓಡಾಟ ವಯಸ್ಸಾದವರಿಗೆ ಬೇಡ.

ಉಯಿಲು ಬರೆಯಿರಿ. ಇಲ್ಲಿನ ಆಸ್ತಿಗೆ ಇಲ್ಲಿ ಒಂದು, ಅಲ್ಲಿನ ಹಣ, ಮನೆಗೆ ಅಲ್ಲಿನ ವಕೀಲರಿಂದ ಇನ್ನೊಂದು. ಒಂದು ಉಯಿಲು ಇನ್ನೊಂದನ್ನು ರದ್ದುಮಾಡದಂತೆ ಇಬ್ಬರು ವಕೀಲರಿಗೂ ತಿಳಿಸಿ ಬರೆಸಿ. ಅಂತ್ಯಸಂಸ್ಕಾರದ ಬಗ್ಗೆಯೂ ಈಗಲೇ ಮಾತಾಡಿಕೊಳ್ಳಿ. ಇದನ್ನು ಅಪಶಕುನ ಎಂದು ಯಾರೂ ತಿಳಿಯಬೇಡಿ. ದೇಹವನ್ನು ವಿಮಾನದಲ್ಲಿ ತರುವುದು ಭಾರಿ ಖರ್ಚಿನ, ಹಲವು ದಿನಗಳ ಕೆಲಸ. ಅಲ್ಲಿಯೇ ದಹನ ಮಾಡಿ, ಮರಣ ಪ್ರಮಾಣಪತ್ರ, ದಹನದ ಪತ್ರ, ರಾಯಭಾರ ಕಚೇರಿಯ ಒಪ್ಪಿಗೆಯೊಂದಿಗೆ ಅಸ್ಥಿಯನ್ನು ತಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡುವುದು ಸಾಧ್ಯ. ಯಾರಿಗೆ ಯಾವುದು ಸಮ್ಮತ ಎಂಬುದು ಇಬ್ಬರಿಗೂ ತಿಳಿದಿದ್ದರೆ, ಉಳಿದವರು ಆ ಹೊತ್ತಿನಲ್ಲಿ ಒಬ್ಬರೇ ತೀರ್ಮಾನಿಸುವ ಭಾರ ಇರುವುದಿಲ್ಲ.

ಹಾಗಾದರೆ ಹೋಗಲೇಬಾರದೇ? ಹೋಗಿ. ನಾನು ಹೇಳುವ ದಾರಿ ಇದು. ನೆಲೆಸುವ ವೀಸಾ, ಮನೆ ಖರೀದಿ ಎರಡನ್ನೂ ಬದಿಗಿಡಿ, ಋತು ನೋಡಿಕೊಂಡು ಹೋಗಿ ಇದ್ದು ಬನ್ನಿ. ಡಾ ನಾಂಗಿಗೆ 90 ದಿನದ ಇ-ವೀಸಾ ಸಾಕು. ಫೆಬ್ರವರಿಯಿಂದ ಏಪ್ರಿಲ್ ಅಲ್ಲಿ ಹಿತವಾದ ಕಾಲ. ಮಲೇಷ್ಯಾ 2023ರ ಡಿಸೆಂಬರಿನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ, ಥಾಯ್ಲೆಂಡ್ 2024ರಲ್ಲಿ ಅದನ್ನು 60 ದಿನಕ್ಕೆ ಏರಿಸಿತ್ತು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಟಿಕೆಟ್ ತೆಗೆಯುವ ಮುನ್ನ ನೋಡಿಕೊಳ್ಳಿ. ವರ್ಷದಲ್ಲಿ ಮೂರು ತಿಂಗಳು, ನಾಲ್ಕು ತಿಂಗಳು ಹೀಗೆ ಹೋಗಿಬಂದರೆ ನೀವು ಭಾರತದ ನಿವಾಸಿಗಳಾಗಿಯೇ ಉಳಿಯುತ್ತೀರಿ. ತೆರಿಗೆಯ ರಿಯಾಯಿತಿ, ವಿಮೆ, ಪಿಂಚಣಿ, ಮನೆಕೆಲಸದವರು, ಗೆಳೆಯರು, ಯಾವುದೂ ಕೈಬಿಡುವುದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ತೆರೆದರೆ ಮಾತ್ರ ಇಲ್ಲಿನ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಲು ಮರೆಯಬೇಡಿ. 2015ರ ಕಪ್ಪುಹಣದ ಕಾನೂನಿನಲ್ಲಿ ಹತ್ತು ಲಕ್ಷ ರೂಪಾಯಿ ದಂಡದ ಅವಕಾಶವಿದೆ.

ಹೀಗೆ ಕೆಲವು ಋತು ಕಳೆದ ಮೇಲೂ ಅಲ್ಲೇ ಪೂರ್ತಿ ನೆಲೆಸಬೇಕೆನಿಸಿದರೆ ಒಂದು ಪರೀಕ್ಷೆ ಮಾಡಿ. ಅಲ್ಲಿರುವಾಗ ಒಂದು ವಾರ ಗಂಡ ಬೆಂಗಳೂರಿಗೆ ಬರಲಿ, ಹೆಂಡತಿ ಒಬ್ಬರೇ ಅಲ್ಲಿರಲಿ. ಆ ವಾರ ಬಾಡಿಗೆ ಕಟ್ಟುವುದು, ಬ್ಯಾಂಕಿಗೆ ಹೋಗುವುದು, ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸುವುದು, ಬಸ್ಸು ಹತ್ತುವುದು ಎಲ್ಲವನ್ನೂ ಆಕೆಯೇ ಮಾಡಲಿ. ಫೋನಿನಲ್ಲಿ ಹೇಳಿಕೊಡುವುದು ಬೇಡ. ಮುಂದಿನ ವಾರ ಹೆಂಡತಿ ಬರಲಿ, ಗಂಡ ಅಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು, ಔಷಧಿ ತಂದುಕೊಂಡು ಇರಲಿ. ಆಮೇಲೆ ಇಬ್ಬರೂ ಕುಳಿತು, ಆ ಒಂಟಿ ವಾರ ಹೇಗಿತ್ತು ಎಂದು ಒಬ್ಬರಿಗೊಬ್ಬರು ನಿಜ ಹೇಳಿಕೊಳ್ಳಿ. ಅಷ್ಟಾದ ಮೇಲೂ ಇಬ್ಬರ ಬಾಯಲ್ಲೂ ಹೋಗೋಣ ಎಂಬ ಮಾತೇ ಬಂದರೆ ನನ್ನ ಬಳಿಗೆ ಬನ್ನಿ. ಹಣ ರವಾನೆಯ ಅರ್ಜಿಗಳನ್ನು ಇಬ್ಬರ ಹೆಸರಿನಲ್ಲೂ ಬೇರೆಬೇರೆಯಾಗಿ ಹೇಗೆ ತುಂಬಬೇಕೆಂದು ಕುಳಿತು ತೋರಿಸಿಕೊಡುತ್ತೇನೆ.